‘ಸುಮ್ನೆ ಒಂದು ಇಂಟ್ರೋ ಕೊಡು’ ಅಂದಾಗ

ನಾನು ಲೇಡೀಸ್ ಹಾಸ್ಟೆಲ್ ಸೇರಿದ್ದು 1996ರಲ್ಲಿ. ಮೊದಲ ಮೂರು ತಿಂಗಳು ತಲೆತುಂಬ ಎಣ್ಣೆ, ಎರಡು ಜಡೆ, ದುಪಟ್ಟಾಕ್ಕೆ ಎರಡೂ ಭುಜದಲ್ಲಿ ಪಿನ್ನು. ಸೀನಿಯರ್ ಎದುರಾದರೆ ನಿಂತು ತಲೆ ತಗ್ಗಿಸಬೇಕು. ಮರುವರ್ಷ ನಾವೇ ಸೀನಿಯರ್ ಆದೆವು. ಜಡೆ ಗಿಡೆ ಏನೂ ಬೇಡ ಅಂದೆವು. ನಾವು ಒಳ್ಳೆಯವರು ಅನ್ನೋ ಜಂಬ ಬೇರೆ. ಬೀದರ್ ಕಡೆಯ ಹುಡುಗಿಯೊಬ್ಬಳನ್ನು ರೂಮಿನ ಮಧ್ಯೆ ನಿಲ್ಲಿಸಿ ‘ಸುಮ್ನೆ ಒಂದು ಇಂಟ್ರೋ ಕೊಡು’ ಅಂದೆವು. ‘ನಮ್ದು ಔರಾದ ಕಡಿ ಹಳ್ಳಿ ಅದ ರೀ’ ಅಂದಳು. ಮೈಸೂರು, ಹಾಸನ ಕಡೆಯ ನಾವು ಮಂಚದ ಮೇಲೆ ಕೂತು ನಕ್ಕಿದ್ದೇ ನಕ್ಕಿದ್ದು. ಮಾರನೇ ದಿನವೂ ಕರೆಸಿ ಮಾತಾಡಿಸಿದೆವು, ಅದರ ಮಾರನೇ ದಿನವೂ. ಯಾರೂ ಅವಳ ಮೈ ಮುಟ್ಟಲಿಲ್ಲ. ಆದರೆ ನಾನು ಅಲ್ಲಿದ್ದ ಇನ್ನುಳಿದ ಮೂರು ವರ್ಷದಲ್ಲಿ ಅವಳು ನಾಲ್ಕು ಜನರ ಮುಂದೆ ಬಾಯಿ ತೆರೆದಿದ್ದನ್ನು ನಾನು ನೋಡಲಿಲ್ಲ.

ಅದು ರ‍್ಯಾಗಿಂಗ್ ಅಂತ ನನಗೆ ಹೊಳೆದದ್ದು ಬಹಳ ತಡವಾಗಿ, ನಾನೇ ಪಾಠ ಹೇಳುತ್ತಾ ವಾರ್ಡನ್ ಕೆಲಸವನ್ನೂ ಹೊತ್ತುಕೊಂಡ ಮೇಲೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆ ‘ತಮಾಷೆಗೆ ಮಾಡಿದ್ದು’ ಅನ್ನೋ ನೆಪವನ್ನು ಒಪ್ಪುವುದಿಲ್ಲ. ನಗೆಪಾಟಲು ಮಾಡಿದ್ದೂ ಅದರ ಲೆಕ್ಕದಲ್ಲಿ ರ‍್ಯಾಗಿಂಗೇ. ಒಂದು ವರ್ಷದವರೆಗೆ ಜೈಲು ಆಗಬಹುದು. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, 2009ರಲ್ಲಿ ನಿಯಮ ತಂದಿತು. ಅದೇ ವರ್ಷ ಮಾರ್ಚ್‌ನಲ್ಲಿ ಹಿಮಾಚಲದ ಮೆಡಿಕಲ್ ವಿದ್ಯಾರ್ಥಿ ಅಮನ್ ಕಾಚ್ರೂ ಸೀನಿಯರ್‌ಗಳ ಹೊಡೆತಕ್ಕೆ ಸತ್ತಿದ್ದ. 2016ರ ತಿದ್ದುಪಡಿಯಲ್ಲಿ ಜಾತಿ, ಬಣ್ಣ, ರೂಪದ ಜೊತೆ ಭಾಷೆ ಮತ್ತು ಊರಿನ ಹೆಸರಲ್ಲಿ ಕಾಡುವುದನ್ನೂ ಸೇರಿಸಿದರು. ಅದನ್ನು ಓದಿದಾಗ ಔರಾದಿನ ಹುಡುಗಿ ನೆನಪಾದಳು.

ವಾರ್ಡನ್ ಆಗಿ ನಾನು ಕಂಡುಕೊಂಡದ್ದು ಇಷ್ಟು: ಹೊಸಬರಿಗೆ ಬೇಕಾದದ್ದು ಸೀನಿಯರ್ ಕೈಯಲ್ಲಿ ಮಾತ್ರ ಇದ್ದರೆ ರ‍್ಯಾಗಿಂಗ್ ಹುಟ್ಟುತ್ತದೆ. ಹಳೇ ಪ್ರಶ್ನೆಪತ್ರಿಕೆ, ನೋಟ್ಸು, ಡ್ರಾಯಿಂಗ್ ಕಲಿಸುವವರು, ನಾಟಕದ ತಂಡದಲ್ಲಿ ಜಾಗ. ಇವಕ್ಕೆ ಬೇರೆ ದಾರಿ ಮಾಡಿಕೊಟ್ಟರೆ ಅರ್ಧ ಕೆಲಸ ಆಯ್ತು. ನಾನು ಮಾಡಿದ ಮೊದಲ ಕೆಲಸ ಐದು ವರ್ಷದ ಪ್ರಶ್ನೆಪತ್ರಿಕೆಗಳ ಜೆರಾಕ್ಸ್ ಕಟ್ಟನ್ನು ಲೈಬ್ರರಿ ಕೌಂಟರಿನಲ್ಲಿ ಇಡಿಸಿದ್ದು. ಪೋಸ್ಟರಿಗಿಂತ ಅದು ಜಾಸ್ತಿ ಕೆಲಸ ಮಾಡಿತು.

ನೀವು ಹೊಸಬರಾಗಿದ್ದರೆ, ಪರಿಚಯ ಹೇಳೋದರಲ್ಲಿ ತಪ್ಪೇನಿಲ್ಲ. ಆದರೆ ರಾತ್ರಿ ಹತ್ತರ ಮೇಲೆ, ಬಾಗಿಲು ಹಾಕಿದ ರೂಮಿನಲ್ಲಿ, ಒಬ್ಬರನ್ನೇ ಕರೆದರೆ ಹೋಗಬೇಡಿ. ಹೋಗಲೇಬೇಕಾಗಿ ಬಂದರೆ ರೂಮ್‌ಮೇಟ್‌ಗೆ ರೂಮ್ ನಂಬರ್ ಹೇಳಿ ಹೋಗಿ. ಎದುರು ವಾದ ಮಾಡಿ ಶೂರತನ ತೋರಿಸಿ ಅಂತ ನಾನು ಹೇಳುವುದಿಲ್ಲ, ಅಲ್ಲಿ ಅವರು ಎಂಟು ಜನ ಇರುತ್ತಾರೆ. ‘ಅಮ್ಮನ ಫೋನ್ ಬರುತ್ತೆ’ ಅಂತ ಎದ್ದು ಬಂದರೂ ಸಾಕು. ವಾಪಸ್ ಬಂದ ಕೂಡಲೇ ಬರೆದಿಡಿ. ತಾರೀಖು, ಗಂಟೆ, ರೂಮು, ಯಾರ‍್ಯಾರಿದ್ದರು, ಯಾವ ಮಾತು ಆಡಿದರು, ಅವರು ಆಡಿದ ಹಾಗೇ. ನಾಳೆ ಬರೆಯೋಣ ಅಂದರೆ ನಾಚಿಕೆಗೆ ಅರ್ಧ ಮಾತು ನೀವೇ ಬಿಟ್ಟುಬಿಡ್ತೀರಿ. ವಾಟ್ಸಾಪ್ ಗ್ರೂಪಿನಲ್ಲಿ ಕಾಡಿದರೆ ಅದೂ ರ‍್ಯಾಗಿಂಗೇ ಅಂತ ಯುಜಿಸಿ 2025ರಲ್ಲಿ ಬಿಡಿಸಿ ಹೇಳಿದೆ. ಸಿಟ್ಟಿಗೆ ಗ್ರೂಪ್ ಬಿಟ್ಟು ಬರುವ ಮೊದಲು ಹೆಸರು, ನಂಬರ್, ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಪೆಟ್ಟಾಗಿದ್ದರೆ ಮೊದಲು ಆಸ್ಪತ್ರೆ. ‘ಬಾತ್‌ರೂಮಲ್ಲಿ ಜಾರಿದೆ’ ಅನ್ನಬೇಡಿ, ಡಾಕ್ಟರ ಚೀಟಿಯಲ್ಲಿ ಆದದ್ದು ಆದ ಹಾಗೇ ಇರಲಿ.

ಯಾರಿಗೆ ಹೇಳಬೇಕು? ವಾರ್ಡನ್ ಅಥವಾ ನಿಮಗೆ ನಂಬಿಕೆ ಇರುವ ಮೇಷ್ಟ್ರು. ಅಲ್ಲಿ ‘ಅಡ್ಜಸ್ಟ್ ಮಾಡ್ಕೋ’ ಅನ್ನೋ ಉತ್ತರ ಬಂದರೆ ರಾಷ್ಟ್ರೀಯ ಸಹಾಯವಾಣಿ 1800-180-5522. ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ನೀವೇ ಮಾಡಬೇಕಂತಿಲ್ಲ, ಅಪ್ಪ ಅಮ್ಮನೋ ಸ್ನೇಹಿತೆಯೋ ಮಾಡಬಹುದು. ಜೀವಕ್ಕೇ ಬಂದಿದ್ದರೆ 112. ನಿದ್ದೆ ಹೋಗಿ, ಬದುಕೇ ಬೇಡ ಅನ್ನಿಸುತ್ತಿದ್ದರೆ 14416, ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ನಾಟಕ, ಡೊಳ್ಳು, ಕಬಡ್ಡಿ, ಫೆಸ್ಟ್ ಅಂತ ತಂಡ ನಡೆಸುವ ಸೀನಿಯರ್‌ಗಳಿಗೆ. ಜೂನಿಯರ್‌ಗೆ ಕೆಲಸ ಹೇಳುವುದೇ ತಪ್ಪಾ ಅಂತ ಒಬ್ಬಳು ನನ್ನ ಹತ್ತಿರ ಜಗಳಕ್ಕೇ ಬಂದಿದ್ದಳು. ತಪ್ಪಲ್ಲ. ‘ಬ್ಯಾನರಿನ ಒಂದು ತುದಿ ಜೂನಿಯರ್ ಹಿಡಿದಿದ್ದಾಳೆ, ಇನ್ನೊಂದು ತುದಿ ಯಾರು ಹಿಡಿದಿದ್ದೀರಿ?’ ಅಂತ ಕೇಳಿದೆ. ಎಲ್ಲರೂ ಮೆಟ್ಟಿಲ ಮೇಲೆ ಕೂತು ಟೀ ಕುಡಿಯುತ್ತಿದ್ದರಂತೆ. ತಂಡಕ್ಕೆ ಆಯ್ಕೆ ಹಗಲಲ್ಲಿ, ಮೇಷ್ಟ್ರ ಎದುರಿಗೆ ಆಗಲಿ, ಪಟ್ಟಿ ನೋಟಿಸ್ ಬೋರ್ಡಿಗೆ ಬರಲಿ. ಆಗ ‘ನನ್ನ ಮಾತು ಕೇಳದಿದ್ದರೆ ನಿನ್ನನ್ನು ತೆಗೀತೀನಿ’ ಅನ್ನೋ ಬೆದರಿಕೆಗೆ ಬೆಲೆ ಇರುವುದಿಲ್ಲ. ಇಂಟ್ರೋ ಬೇಕೇ ಬೇಕು ಅಂದರೆ ಮೊದಲು ಸೀನಿಯರ್‌ಗಳೇ ಎದ್ದು ಕೊಡಲಿ.

ಕಾಲೇಜಿನವರಿಗೂ ಒಂದು ಮಾತು. ಮೊದಲ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ ಹೆಸರು ಬರೆಸದೆ ಹೊಸಬರನ್ನು ಕೇಳಬೇಕು ಅಂತ ನಿಯಮದಲ್ಲೇ ಇದೆ. ನಾವೂ ಕೇಳುತ್ತಿದ್ದೆವು. ‘ನಿಮಗೆ ರ‍್ಯಾಗಿಂಗ್ ಆಗಿದೆಯೇ?’ ನೂರಕ್ಕೆ ನೂರು ‘ಇಲ್ಲ’. ಆಮೇಲೆ ನಾನು ಪ್ರಶ್ನೆ ಬದಲಾಯಿಸಿದೆ. ಈ ವಾರ ಯಾರ ರೆಕಾರ್ಡ್ ಬರೆದುಕೊಟ್ಟಿರಿ? ಯಾರ ಬಟ್ಟೆ ಒಗೆದಿರಿ? ನಿನ್ನೆ ಮಲಗಿದಾಗ ಗಂಟೆ ಎಷ್ಟು? ಮೆಸ್ಸಿಗೆ ಹೋಗೋಕೆ ಯಾವ ಹೊತ್ತು ಭಯ? ಕೈಬರಹ ಗುರುತು ಸಿಗದ ಹಾಗೆ ಬರೀ ಟಿಕ್ ಹಾಕುವ ಹಾಳೆ, ಹಾಸ್ಟೆಲಿನಲ್ಲಿ ಅಲ್ಲ, ಕ್ಲಾಸಿನಲ್ಲಿ. ಮೊದಲ ಹಾಳೆಗಳ ಕಟ್ಟು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ದೂರು ಬಂದ ಮೇಲೆ ಇನ್ನೊಂದು ಪೇಚು. ಆರೋಪ ಹೊತ್ತವಳ ಅಪ್ಪ ಅಮ್ಮ ಬಂದು ಅಳುತ್ತಾರೆ, ‘ಹೆಣ್ಣುಮಗು, ಹೋಗ್ಲಿ ಬಿಡಿ ಮೇಡಂ’ ಅಂತಾರೆ. ಪಾಪ ಅನ್ನಿಸುತ್ತೆ ನಿಜ. ಆದರೆ ಇಬ್ಬರನ್ನೂ ಎದುರುಬದುರು ಕೂರಿಸಿ, ಕ್ಷಮಾಪಣೆ ಪತ್ರ ಬರೆಸಿ ಫೈಲ್ ಮುಚ್ಚಬೇಡಿ. ದೂರು ಕೊಟ್ಟವಳಿಗೆ ಅದು ಎರಡನೇ ಸಲ ರ‍್ಯಾಗಿಂಗ್ ಆದ ಹಾಗೆ. ಅಪರಾಧ ಅಂತ ಕಂಡರೆ ಕಾಲೇಜಿನ ಮುಖ್ಯಸ್ಥರು 24 ಗಂಟೆಯೊಳಗೆ ಎಫ್‌ಐಆರ್ ಮಾಡಿಸಬೇಕು. ಹಾಸ್ಟೆಲಿನಿಂದ ತೆಗೆಯುವುದು, ಪರೀಕ್ಷೆಗೆ ಕೂರಿಸದಿರುವುದು, ಅಡ್ಮಿಷನ್ ರದ್ದು, ಎಲ್ಲಕ್ಕೂ ನಿಯಮದಲ್ಲಿ ಜಾಗ ಇದೆ. ಮತ್ತೆ, ರೂಮ್ ಬದಲಾಯಿಸಬೇಕಾದವಳು ದೂರು ಕೊಟ್ಟವಳಲ್ಲ.

ದೂರು ಕೊಟ್ಟವಳ ಪಕ್ಕ ಮೆಸ್ಸಿನಲ್ಲಿ ಯಾರೂ ಕೂರುವುದಿಲ್ಲ. ಇದು ಪ್ರತಿ ಸಲ ಆಗುತ್ತದೆ. ಗೆಳತಿಯರಾಗಿದ್ದರೆ ತಟ್ಟೆ ಹಿಡಿದು ಅವಳ ಹತ್ತಿರ ಹೋಗಿ ಕೂತುಕೊಳ್ಳಿ, ಸಮಾಧಾನದ ಮಾತು ಬೇಕಾಗಿಲ್ಲ. ಒಂದು ಸಲ ಹೀಗೆ ದೂರು ಕೊಟ್ಟವಳ ಹತ್ತಿರ ಯಾರೂ ಹೋಗಲಿಲ್ಲ. ನಾನೇ ಹದಿನೈದು ದಿನ ರಾತ್ರಿ ಊಟಕ್ಕೆ ಆ ಟೇಬಲ್ಲಿಗೆ ಹೋಗಿ ಕೂತೆ. ಎರಡನೇ ವಾರಕ್ಕೆ ಅವಳ ಕ್ಲಾಸಿನ ಮೂವರು ಬಂದು ಸೇರಿಕೊಂಡರು. ವಾರ್ಡನ್ ಕೂರುತ್ತಾರೆ ಅಂತ ಗೊತ್ತಾಗಿ ಸಾರಿಗೆ ಬೇಳೆಯೂ ಬೀಳೋಕೆ ಶುರುವಾಯಿತು.