ಕೌಂಟರಿನಲ್ಲಿ ಹಿರಿಯರು ಸಿಡುಕಿದರೆ ಏನು ಮಾಡಬೇಕು?

ನವೆಂಬರ್ ಬಂದರೆ ಬ್ಯಾಂಕಿನ ಪಿಂಚಣಿ ಕೌಂಟರಿನಲ್ಲಿ ದನಿಗಳು ಏರುತ್ತವೆ. ಪಿಂಚಣಿದಾರರು ಬದುಕಿದ್ದಾರೆಂದು ತೋರಿಸುವ ಜೀವಿತ ಪ್ರಮಾಣಪತ್ರವನ್ನು ಪ್ರತಿವರ್ಷ ಈ ತಿಂಗಳಲ್ಲಿ ಸಲ್ಲಿಸದಿದ್ದರೆ ಪಿಂಚಣಿ ನಿಲ್ಲುತ್ತದೆ. ತಿಂಗಳ ಔಷಧಿಗೆ ಆ ಹಣವನ್ನೇ ನಂಬಿರುವವರು ಸಾಲಿನಲ್ಲಿ ನಿಂತು ದಣಿದು, ‘ನಿನಗೇನು ಗೊತ್ತು, ಮ್ಯಾನೇಜರನ್ನು ಕರಿ’ ಎಂದು ಹೊಸ ಗುಮಾಸ್ತೆಯ ಮೇಲೆ ಹರಿಹಾಯುತ್ತಾರೆ. ಆ ಸಿಟ್ಟಿನ ಹಿಂದೆ ಬಹಳಷ್ಟು ಸಲ ಇರುವುದು ಹಣ ನಿಂತೀತೆಂಬ ಭಯ.

ಮೊದಲು ಕುರ್ಚಿ ಕೊಡಿ. ಮಂಡಿನೋವಿನವರಿಗೆ ನಿಂತುಕೊಂಡು ಸಮಾಧಾನದಿಂದ ಮಾತನಾಡುವುದು ಕಷ್ಟ. ಕೂರಿಸಿದ ಮೇಲೆ ‘ಸರ್’, ‘ಅಮ್ಮ’ ಎಂದೇ ಮಾತು ಶುರುಮಾಡಿ. ನಿವೃತ್ತ ಶಿಕ್ಷಕರೆಂದು ಗೊತ್ತಿದ್ದರೆ ‘ಮೇಷ್ಟ್ರೇ’ ಎನ್ನಿ, ಮುಖ ಅರಳುತ್ತದೆ. ‘ಅಜ್ಜ’ ಎಂಬುದನ್ನು ಮಾತ್ರ ಅವರೇ ಒಪ್ಪುವವರೆಗೆ ಬಳಸಬೇಡಿ, ಹಲವರಿಗೆ ಅದು ಚುಚ್ಚುತ್ತದೆ.

ಅವರು ಹೇಳುವುದು ಮುಗಿಯುವವರೆಗೆ ಕಂಪ್ಯೂಟರಿನತ್ತ ತಿರುಗಬೇಡಿ. ಆಮೇಲೆ ಅವರ ದೂರನ್ನು ಒಂದೇ ವಾಕ್ಯದಲ್ಲಿ ಅವರಿಗೇ ಹೇಳಿ: ‘ಕಳೆದ ತಿಂಗಳ ಪಿಂಚಣಿ ಬಂದಿಲ್ಲ, ಅಲ್ಲವೇ ಸರ್?’ ನಿಮ್ಮ ದನಿ ಎತ್ತರಿಸುವುದರಿಂದ ಉಪಯೋಗವಿಲ್ಲ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೀಕ್ಷ್ಣ ಸ್ವರಗಳನ್ನು. ಕಿರುಚಿದರೆ ಮಾತು ಸ್ಪಷ್ಟವಾಗುವುದಿಲ್ಲ, ಬೈದಂತೆ ಕೇಳುತ್ತದೆ. ಮುಖ ಕಾಣುವಂತೆ, ತಗ್ಗಿದ ದನಿಯಲ್ಲಿ, ನಿಧಾನವಾಗಿ ಹೇಳಿ. ಗಾಜಿನ ತಡೆ ಇದ್ದರೆ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ತೋರಿಸಿ.

ನಿಯಮ ನಿಮಗೆ ಬಾಯಿಗೆ ಬರುವಂತಿರಲಿ. ಅರ್ಧ ಜಗಳ ಅಲ್ಲಿಯೇ ಮುಗಿಯುತ್ತದೆ. ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ 80 ದಾಟಿದವರು ಅಕ್ಟೋಬರ್ 1ರಿಂದಲೇ ಪ್ರಮಾಣಪತ್ರ ಕೊಡಬಹುದು. ದುಡಿದು ಸವೆದ ಬೆರಳನ್ನು ಯಂತ್ರ ಗುರುತಿಸದಿದ್ದರೆ ‘ಬೆರಳು ಸರಿಯಿಲ್ಲ’ ಎನ್ನಬೇಡಿ. 2021ರಿಂದ ಮುಖ ಗುರುತಿಸುವ ವ್ಯವಸ್ಥೆಯಿದೆ, ಕಾಗದದ ನಮೂನೆಯೂ ಇದೆ. 70 ಮೀರಿದವರಿಗೆ ಮನೆಬಾಗಿಲಿನ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ. ಕೇಳಿದರೆ ಮಾತ್ರ ಹೇಳುವ ವಿಷಯವಲ್ಲ ಇದು, ನೀವಾಗಿಯೇ ತಿಳಿಸಿ. ಪ್ರಮಾಣಪತ್ರ ಪಡೆದ ಮೇಲೆ ಸಹಿ ಹಾಕಿದ ರಸೀದಿ ಕೊಡಲೇಬೇಕು. ಆ ಚೂರು ಕಾಗದ ಕೈಗೆ ಬಂದರೆ ಎಷ್ಟೋ ಜನರ ಸಿಟ್ಟು ಇಳಿದುಬಿಡುತ್ತದೆ.

ಇಷ್ಟೆಲ್ಲ ಮಾಡಿದರೂ ಕೆಲವರು ಅವಾಚ್ಯವಾಗಿ ಬೈಯುತ್ತಾರೆ, ಜಾತಿ ಎತ್ತುತ್ತಾರೆ, ಹೆಣ್ಣುಮಕ್ಕಳ ಬಗ್ಗೆ ಹಗುರವಾಗಿ ಮಾತನಾಡುತ್ತಾರೆ. ಹಿರಿಯರೆಂದು ಇದನ್ನು ನುಂಗಿಕೊಳ್ಳಬೇಕೆಂಬ ಉಪದೇಶವನ್ನು ನಾನು ಒಪ್ಪುವುದಿಲ್ಲ. ‘ಸರ್, ನಿಮ್ಮ ಕೆಲಸ ಮಾಡಿಕೊಡುತ್ತೇನೆ. ಆದರೆ ಈ ಮಾತು ಬೇಡ’ ಎಂದು ಒಮ್ಮೆ ದೃಢವಾಗಿ ಹೇಳಿ. ನಿಲ್ಲಿಸದಿದ್ದರೆ ಎದ್ದು ಹೋಗಿ ಮೇಲಧಿಕಾರಿಯನ್ನು ಕರೆತನ್ನಿ. ನಡೆದದ್ದನ್ನು ದಿನಾಂಕ, ಹೊತ್ತು, ಆಡಿದ ಮಾತು ಸಹಿತ ಅಂದೇ ಬರೆದು ಕೊಡಿ. ಮೇಲಧಿಕಾರಿ ಬಂದವರು ಗ್ರಾಹಕರ ಎದುರು ಸಿಬ್ಬಂದಿಯನ್ನು ಗದರಬಾರದು. ಕೌಂಟರನ್ನು ತಾವು ವಹಿಸಿಕೊಂಡು, ಆಕೆಗೆ ಐದು ನಿಮಿಷ ಒಳಗೆ ಕುಳಿತು ನೀರು ಕುಡಿಯಲು ಬಿಡಬೇಕು.