ಮರಗೆಲಸಕ್ಕೆ ಟೇಪು ಆರಿಸುವುದು ಹೇಗೆ? ಮೊದಲು ಕೊಕ್ಕೆ ನೋಡಿ

ಪುಸ್ತಕದ ಶೆಲ್ಫು ಮಾಡಲು ಹೊರಟಿದ್ದೆ. ಗೋಡೆಯ ಅಳತೆಯನ್ನು ಮನೆಯಲ್ಲಿದ್ದ ಹಳೆಯ ಟೇಪಿನಲ್ಲಿ ತೆಗೆದುಕೊಂಡೆ. ಹಲಗೆಗೆ ಗುರುತು ಹಾಕುವ ಹೊತ್ತಿಗೆ ಅದು ಎಲ್ಲೋ ಕಳೆದುಹೋಗಿತ್ತು. ಡ್ರಾಯರಿನಲ್ಲಿ ಯಾವತ್ತೋ ಪುಕ್ಕಟೆ ಬಂದಿದ್ದ ಪುಟ್ಟ ಟೇಪು ಸಿಕ್ಕಿತು. ಅದರಲ್ಲೇ ಅಳೆದು ಕೊಯ್ದೆ. ಐದು ಹಲಗೆಗಳೂ ಸುಮಾರು 3 ಮಿ.ಮೀ. ಗಿಡ್ಡ!

ಆಮೇಲೆ ಎರಡೂ ಟೇಪುಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಗೆರೆಗೆ ಗೆರೆ ಸರಿಯಾಗಿ ಕೂಡುತ್ತಿತ್ತು. ತಪ್ಪು ಇದ್ದದ್ದು ತುದಿಯಲ್ಲಿ. ಪುಟ್ಟ ಟೇಪಿನ ಕೊಕ್ಕೆ ಒಳಕ್ಕೆ ಬಗ್ಗಿಹೋಗಿತ್ತು. ಅವತ್ತಿನಿಂದ ಅಂಗಡಿಯಲ್ಲಿ ಯಾವ ಟೇಪು ಕೊಟ್ಟರೂ ನಾನು ಮೊದಲು ಕೊಕ್ಕೆ ನೋಡುತ್ತೇನೆ. ಆದರೆ ಅಂಗಡಿಯವರು ಮೊದಲು ಕೇಳುವುದು ಉದ್ದ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

1. ಎಷ್ಟು ಉದ್ದ, ಎಷ್ಟು ಅಗಲ?

ಅಂಗಡಿಗಳಲ್ಲಿ ಜಾಸ್ತಿ ಸಿಗುವುದು 3 ಮೀಟರ್ ಮತ್ತು 5 ಮೀಟರ್ ಟೇಪು. ಪ್ಲೈವುಡ್ ಶೀಟು 8 ಅಡಿಗೆ 4 ಅಡಿ, ಅಂದರೆ 2440 ಮಿ.ಮೀ.ಗೆ 1220 ಮಿ.ಮೀ. ಇಡೀ ಶೀಟನ್ನು ಅಳೆಯಲು 3 ಮೀಟರ್ ಸಾಕು. ಸ್ಟೂಲು, ಶೆಲ್ಫು, ಮೇಜು ಮಾಡುವವರಿಗೆ ಅದಕ್ಕಿಂತ ಉದ್ದದ್ದು ಸುಮ್ನೆ ಭಾರ. ಕೋಣೆಯ ಅಳತೆ ತೆಗೆದು ವಾರ್ಡ್‌ರೋಬ್ ಮಾಡುವವರಿಗೆ 5 ಮೀಟರ್ ಬೇಕಾಗುತ್ತದೆ.

ಅಗಲವೂ ಮುಖ್ಯ. 25 ಮಿ.ಮೀ. ಅಗಲದ ಪಟ್ಟಿಯನ್ನು ಗಾಳಿಯಲ್ಲಿ ದೂರಕ್ಕೆ ಚಾಚಿದರೂ ಬೇಗ ಮಡಚಿ ಬೀಳುವುದಿಲ್ಲ. ಒಬ್ಬರೇ ನಿಂತು ಗೋಡೆ ಅಳೆಯಲು ಅದು ಚೆನ್ನ. ಆದರೆ ಹಲಗೆಯ ಮೇಲೆ ಅದು ಚಪ್ಪಟೆಯಾಗಿ ಕೂರುವುದಿಲ್ಲ, ದೋಣಿಯ ಹಾಗೆ ಎರಡೂ ಅಂಚು ಮೇಲೆದ್ದಿರುತ್ತವೆ. ಬೆಂಚಿನ ಮೇಲಿನ ಕೆಲಸಕ್ಕೆ ನನಗೆ ಇಷ್ಟವಾದದ್ದು 16 ಮಿ.ಮೀ. ಅಗಲದ 3 ಮೀಟರ್ ಟೇಪು. ಅಂಗಿಯ ಜೇಬಿನಲ್ಲಿ ಹಿಡಿಸುತ್ತದೆ.

2. ಇಂಚೋ, ಮಿಲಿಮೀಟರೋ?

ನಮ್ಮ ದೇಶದಲ್ಲಿ ಮೀಟರ್ ಪದ್ಧತಿಯ ಕಾನೂನು ಬಂದದ್ದು 1956ರಲ್ಲಿ. ನಮ್ಮ ಆಚಾರ್ರು ಇವತ್ತಿಗೂ "ಎರಡಡಿ ಮೂರಿಂಚು ಎರಡು ನೂಲು" ಅಂತಲೇ ಹೇಳುತ್ತಾರೆ. ಒಂದು ನೂಲು ಎಂದರೆ ಇಂಚಿನ ಎಂಟನೇ ಒಂದು ಭಾಗ, ಸುಮಾರು 3.2 ಮಿ.ಮೀ. ಅವರು ಹೇಳಿದ ಅಳತೆ 692 ಮಿ.ಮೀ. ಆಗುತ್ತದೆ. ಇನ್ನೊಂದು ಕಡೆ ಪ್ಲೈವುಡ್ಡಿನ ದಪ್ಪ 18 ಮಿ.ಮೀ., ಬಾಗಿಲಿನೊಳಗೆ ಅಡಗಿ ಕೂರುವ ಹಿಂಜಿಗೆ ಕೊರೆಯುವ ತೂತು 35 ಮಿ.ಮೀ. ಎರಡೂ ಲೋಕದ ನಡುವೆ ಓಡಾಡುತ್ತಾ ಲೆಕ್ಕ ತಪ್ಪುವುದು ಸಹಜ, ಅಲ್ವಾ? 8 ಅಡಿ ಲೆಕ್ಕ ಹಾಕಿದರೆ 2438.4 ಮಿ.ಮೀ., ಶೀಟಿಗೆ ಹೇಳುವುದು 2440. ಅಲ್ಲೇ ಒಂದೂವರೆ ಮಿಲಿಮೀಟರ್ ಹೋಯಿತು.

ಆದ್ದರಿಂದ ಒಂದು ಕೆಲಸಕ್ಕೆ ಒಂದೇ ಮಾನ ಹಿಡಿಯಿರಿ. ಹೊಸಬರಿಗೆ ಮಿಲಿಮೀಟರ್ ಸುಲಭ, ಭಿನ್ನರಾಶಿಯ ತಲೆನೋವಿಲ್ಲ. ಆಚಾರ್ರ ಜೊತೆ ಸೇರಿ ಕೆಲಸ ಮಾಡುವವರು ಮಾತ್ರ ನೂಲು ಕಲಿಯಲೇಬೇಕು, ಬೇರೆ ದಾರಿಯಿಲ್ಲ.

ಎರಡೂ ಮಾನ ಇರುವ ಟೇಪಿನಲ್ಲಿ ಸಾಮಾನ್ಯವಾಗಿ ಒಂದು ಅಂಚಿಗೆ ಇಂಚು, ಇನ್ನೊಂದು ಅಂಚಿಗೆ ಮಿಲಿಮೀಟರ್. ನಿಮಗೆ ಬೇಕಾದ ಗೆರೆಗಳು ಪೆನ್ಸಿಲ್ ಓಡುವ ಅಂಚಿನಲ್ಲಿವೆಯೇ ಎಂದು ನೋಡಿ. ಟೇಪಿನ ಡಬ್ಬಿಯನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಗುರುತು ಹಾಕುವವರಿಗೆ ಅಂಕಿಗಳು ತಲೆಕೆಳಗಾಗಿ ಕಾಣುತ್ತವೆ. ನಾನು 6 ಅನ್ನು 9 ಎಂದು ಓದಿದ್ದೇನೆ, ಒಂದಲ್ಲ ಎರಡು ಸಲ.

ಕೆಲವು ವಿದೇಶಿ ಟೇಪುಗಳಲ್ಲಿ 16 ಇಂಚಿಗೊಂದು ಕೆಂಪು ಗುರುತು, 19.2 ಇಂಚಿಗೊಂದು ಕಪ್ಪು ವಜ್ರಾಕಾರ ಇರುತ್ತದೆ. ಅಮೆರಿಕದ ಮರದ ಮನೆಗಳಲ್ಲಿ ಕಂಬ, ತೊಲೆಗಳ ಅಂತರಕ್ಕೆ ಅವು. 8 ಅಡಿಯನ್ನು ಆರು ಪಾಲು ಮಾಡಿದರೆ 16, ಐದು ಪಾಲು ಮಾಡಿದರೆ 19.2. ಇಟ್ಟಿಗೆ ಗೋಡೆಯ ನಮಗೆ ಅದರಿಂದ ಏನೂ ಆಗಬೇಕಿಲ್ಲ.

3. ಕೊಕ್ಕೆಯ ಪರೀಕ್ಷೆ

ಟೇಪಿನ ಕೊಕ್ಕೆ ಹಿಂದೆ ಮುಂದೆ ಸ್ವಲ್ಪ ಅಲ್ಲಾಡುತ್ತದೆ. ರಿವಿಟ್ ಸಡಿಲವಾಗಿದೆ ಎಂದು ಎಷ್ಟೋ ಜನ ಸುತ್ತಿಗೆಯಿಂದ ಬಡಿದು ಬಿಗಿ ಮಾಡುತ್ತಾರೆ. ದಯವಿಟ್ಟು ಬೇಡ. ಅದನ್ನು ಬೇಕೆಂದೇ ಹಾಗೆ ಮಾಡಿರುತ್ತಾರೆ. ಹಲಗೆಯ ತುದಿಗೆ ಸಿಕ್ಕಿಸಿ ಎಳೆದಾಗ ಅಳತೆ ಶುರುವಾಗುವುದು ಕೊಕ್ಕೆಯ ಒಳಮೈಯಿಂದ. ಗೋಡೆಗೆ ಒತ್ತಿ ಅಳೆದಾಗ ಅದು ಶುರುವಾಗುವುದು ಹೊರಮೈಯಿಂದ. ಎರಡರ ನಡುವೆ ಕೊಕ್ಕೆಯ ತಗಡಿನ ದಪ್ಪದಷ್ಟು ವ್ಯತ್ಯಾಸ. ಅಷ್ಟೇ ದೂರ ಕೊಕ್ಕೆ ಜಾರಿದರೆ ಎರಡೂ ಸಲ ಸೊನ್ನೆ ಸರಿಯಾಗಿ ಕೂರುತ್ತದೆ.

ಪರೀಕ್ಷೆಗೆ ಐದು ನಿಮಿಷ ಸಾಕು. ನೇರ ತುದಿಯ ಒಂದು ಹಲಗೆ ತೆಗೆದುಕೊಳ್ಳಿ. ಕೊಕ್ಕೆ ಸಿಕ್ಕಿಸಿ, ಎಳೆದು ಹಿಡಿದು, 200 ಮಿ.ಮೀ.ಗೆ ಚೂಪು ಪೆನ್ಸಿಲಿನಲ್ಲಿ ಗೆರೆ ಹಾಕಿ. ಈಗ ಆ ತುದಿಗೆ ಇನ್ನೊಂದು ಮರದ ತುಂಡನ್ನು ಒತ್ತಿ ನಿಲ್ಲಿಸಿ. ಅದು ಹಲಗೆಗಿಂತ ಎತ್ತರ ಇರಬೇಕು. ಟೇಪನ್ನು ಹಲಗೆಯ ಮೇಲಿಟ್ಟು ಕೊಕ್ಕೆಯನ್ನು ಆ ತುಂಡಿಗೆ ಒತ್ತಿ. ಮೊದಲಿನ ಗೆರೆ ಈಗಲೂ 200ಕ್ಕೇ ಬಂದರೆ ಕೊಕ್ಕೆ ಸರಿ. 201ಕ್ಕೋ 199ಕ್ಕೋ ಬಂದರೆ ಆ ಟೇಪು ಮರಗೆಲಸಕ್ಕಲ್ಲ. ಈ ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡಿದರೆ ಅಂಗಡಿಯವರು ಒಂಥರಾ ನೋಡುತ್ತಾರೆ. ನೋಡಲಿ ಬಿಡಿ.

ಒಂದು ಮಾತು: ಎರಡೂ ಸಲ ಒಂದೇ ಉತ್ತರ ಬಂದರೂ, ಎರಡೂ ಒಟ್ಟಿಗೇ ತಪ್ಪಿರಬಹುದು. ಅದಕ್ಕೆ 30 ಸೆಂ.ಮೀ.ನ ಸ್ಟೀಲ್ ಸ್ಕೇಲಿನಿಂದ ಹಲಗೆಯ ಗೆರೆಯನ್ನು ಇನ್ನೊಮ್ಮೆ ಅಳೆದುಬಿಡಿ.

ಅಯಸ್ಕಾಂತದ ಕೊಕ್ಕೆ ಕಬ್ಬಿಣದ ಕೆಲಸದವರಿಗೆ ಒಳ್ಳೆಯದು. ನನ್ನ ಬೆಂಚಿನ ಮೇಲೆ ಅದು ಸ್ಕ್ರೂ, ಮೊಳೆ ಎಲ್ಲವನ್ನೂ ಎಳೆದುಕೊಂಡು ಬರುತ್ತದೆ. ನಡುವೆ ಒಂದು ಚೂರು ಸಿಕ್ಕಿಕೊಂಡರೂ ಅಳತೆ ಕೆಟ್ಟಂತೆ.

4. ಪಟ್ಟಿಯ ಮೇಲಿನ ರೋಮನ್ ಅಂಕಿ

ಕೆಲವು ಟೇಪುಗಳ ಪಟ್ಟಿಯ ಆರಂಭದಲ್ಲಿ ಪುಟ್ಟದಾಗಿ ರೋಮನ್ ಒಂದು, ಎರಡು ಅಥವಾ ಮೂರು ಅಚ್ಚಾಗಿರುತ್ತದೆ. ಇದು ಯುರೋಪಿನ ನಿಖರತೆಯ ದರ್ಜೆ. ಎರಡನೇ ದರ್ಜೆಯ ಟೇಪಿನ ಗೆರೆಗಳಲ್ಲಿ 1 ಮೀಟರಿಗೆ 0.5 ಮಿ.ಮೀ., 5 ಮೀಟರಿಗೆ 1.3 ಮಿ.ಮೀ.ವರೆಗೆ ಹೆಚ್ಚುಕಡಿಮೆ ಇರಬಹುದು. ಒಂದನೇ ದರ್ಜೆಯಲ್ಲಿ 5 ಮೀಟರಿಗೆ 0.6 ಮಿ.ಮೀ. ಮಾತ್ರ. ಮನೆಯ ಮರಗೆಲಸಕ್ಕೆ ಎರಡನೇ ದರ್ಜೆ ಧಾರಾಳ ಸಾಕು. ಇದಕ್ಕಿಂತ ದೊಡ್ಡ ತಪ್ಪು ನಮ್ಮ ದಪ್ಪ ಪೆನ್ಸಿಲಿನದು.

5. ಕೈಗೆ ಹಿಡಿಸಬೇಕು

ಲಾಕ್ ಒತ್ತಿ ಪಟ್ಟಿಯನ್ನು ಮೆಲ್ಲಗೆ ಎಳೆದು ನೋಡಿ. ಜಾರಬಾರದು. ಲಾಕ್ ಬಿಟ್ಟಾಗ ಸ್ಪ್ರಿಂಗು ಪಟ್ಟಿಯನ್ನು ಪೂರ್ತಿ ಒಳಗೆ ಎಳೆದುಕೊಳ್ಳಬೇಕು, ಕೊನೆಯ ಗೇಣಿನಲ್ಲಿ ಸುಸ್ತಾಗಬಾರದು. ಹಾಗಂತ ಪ್ರತಿ ಸಲ ಪಟಾರನೆ ಬಿಡಬೇಡಿ. ಆ ಹೊಡೆತಕ್ಕೇ ಕೊಕ್ಕೆ ಬಗ್ಗುವುದು, ರಿವಿಟ್ಟಿನ ತೂತು ದೊಡ್ಡದಾಗುವುದು. ಮಲೆನಾಡು, ಕರಾವಳಿಯವರು ಪಟ್ಟಿಯ ಮೇಲೆ ನೈಲಾನ್ ಲೇಪನ ಇರುವುದನ್ನೇ ಕೊಳ್ಳಿ. ಮಳೆಗಾಲದಲ್ಲಿ ಒದ್ದೆ ಪಟ್ಟಿಯನ್ನು ಒರೆಸದೆ ಒಳಗೆ ಬಿಟ್ಟರೆ ಡಬ್ಬಿಯೊಳಗೇ ತುಕ್ಕು ಹಿಡಿಯುತ್ತದೆ.

6. ತಂದ ಮೇಲೆ

ಗುರುತು ಹಾಕುವಾಗ ಪಟ್ಟಿಯನ್ನು ಸ್ವಲ್ಪ ವಾಲಿಸಿ. ಅಂಚು ಮರಕ್ಕೆ ತಾಗಿದರೆ ಗೆರೆ ನೇರವಾಗಿ ಮರದ ಮೇಲೆ ಇಳಿಯುತ್ತದೆ, ಕಣ್ಣು ಎಲ್ಲಿಂದ ನೋಡಿದರೂ ಮೋಸವಿಲ್ಲ. ಕೊಕ್ಕೆಯ ಮೇಲೆ ಅನುಮಾನ ಬಂದರೆ 100 ಮಿ.ಮೀ. ಗೆರೆಯನ್ನು ತುದಿಗೆ ಹಿಡಿದು ಅಳೆಯಿರಿ. ಬಂದ ಅಂಕಿಯಲ್ಲಿ 100 ಕಳೆಯಲು ಮರೆತರೆ ಮಾತ್ರ ದೇವರೇ ಗತಿ.

ಕಪಾಟಿನ ಒಳ ಅಳತೆಗೆ ಪಟ್ಟಿಯನ್ನು ಮೂಲೆಯಲ್ಲಿ ಬಗ್ಗಿಸಿ ಅಂದಾಜು ಮಾಡಬೇಡಿ. ಎಡ ಗೋಡೆಯಿಂದ 300 ಮಿ.ಮೀ.ಗೆ ಒಂದು ಗುರುತು ಹಾಕಿ, ಬಲ ಗೋಡೆಯಿಂದ ಆ ಗುರುತಿನವರೆಗೆ ಅಳೆದು ಎರಡನ್ನೂ ಕೂಡಿಸಿ.

ಇನ್ನು ಶೀಟನ್ನು ಅಂಗಡಿಯಲ್ಲೇ ಕೊಯ್ಸುವುದಾದರೆ ನಿಮ್ಮ ಟೇಪನ್ನು ಜೊತೆಗೆ ಒಯ್ಯಿರಿ. ಮೊದಲ ತುಂಡನ್ನು ಅದರಿಂದಲೇ ಅಳೆದು ನೋಡಿ, ಆಮೇಲೆ ಉಳಿದದ್ದಕ್ಕೆ ಹೂಂ ಅನ್ನಿ.

ನನ್ನ ಆ ಪುಕ್ಕಟೆ ಟೇಪನ್ನು ಬಿಸಾಡಿಲ್ಲ. ಕೊಕ್ಕೆಯನ್ನು ಇಕ್ಕಳದಿಂದ ನೆಟ್ಟಗೆ ಮಾಡಿದೆ, ಆದರೂ ಪರೀಕ್ಷೆಯಲ್ಲಿ 1 ಮಿ.ಮೀ. ತಪ್ಪುತ್ತಿತ್ತು. ಈಗ ಅದು ಕಿಟಕಿಯ ಪರದೆ ಅಳೆಯಲು ಅಡುಗೆಮನೆಯ ಡ್ರಾಯರಿನಲ್ಲಿದೆ. ಡಬ್ಬಿಯ ಮೇಲೆ ದಪ್ಪ ಮಾರ್ಕರಿನಲ್ಲಿ ಬರೆದಿದ್ದೇನೆ: "ಮರಕ್ಕಲ್ಲ."