‘ಆಲ್’ ಮುಚ್ಚಿ ನೋಡಿ: ಕೋಚಿಂಗ್ ಕ್ಲಾಸಿನಲ್ಲಿ ನನ್ನ ಅನುಭವ

ಬ್ಯಾಂಕ್, ಎಸ್‌ಎಸ್‌ಸಿ (ಕೇಂದ್ರ ಸರ್ಕಾರಿ ನೌಕರಿ) ಪರೀಕ್ಷೆಗಳಿಗೆ ಇಂಗ್ಲಿಷ್ ಹೇಳಿಕೊಡುವವರಿಗೆ ‘ಆಲ್’ನ ಕಾಟ ಗೊತ್ತೇ ಇರುತ್ತದೆ. ‘ಆಲ್ ಸ್ಟೂಡೆಂಟ್ಸ್’, ‘ಆಲ್ ಆಫ್ ಅಸ್’ ಇರುವ ತನಕ ಕ್ಲಾಸು ನೆಟ್ಟಗಿರುತ್ತದೆ. ‘ಆಲ್ ಓವರ್’, ‘ಆಲ್ ಅಲಾಂಗ್’, ‘ಆಲ್ ಬಟ್’, ‘ಅಟ್ ಆಲ್’, ‘ಆಫ್ಟರ್ ಆಲ್’ ಶುರುವಾದವೋ, ಹಿಂದಿನ ಬೆಂಚಿನವರು ಮೊಬೈಲ್ ತೆಗೆಯುತ್ತಾರೆ. ಇದನ್ನು ಕನ್ನಡದಿಂದಲೇ ಬಿಡಿಸುತ್ತೇನೆ ಅಂದಾಗ ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ನಡೆಸುವ ಗೆಳೆಯರು ನಕ್ಕರು. “ಇಂಗ್ಲಿಷ್ ಕ್ಲಾಸಿನಾಗ ಕನ್ನಡ ಮಾತಾಡಿದ್ರ ಹುಡುಗರು ಫೀ ವಾಪಸ್ ಕೇಳ್ತಾರ್ರಿ ಸರ” ಅಂದರು. ಒಬ್ಬನೂ ಕೇಳಲಿಲ್ಲ. ನಕ್ಕವರಲ್ಲೇ ಇಬ್ಬರು ಈಗ ನನ್ನ ಬೋರ್ಡಿನ ಫೋಟೊ ತರಿಸಿಕೊಂಡು ಪಾಠ ಮಾಡುತ್ತಿದ್ದಾರೆ. ಅದಕ್ಕೇ, ಅರ್ಧಂಬರ್ಧ ಹಬ್ಬುವ ಮೊದಲು ನಾನೇ ಬರೆದುಬಿಡುವುದು ವಾಸಿ ಅನಿಸಿತು.

ಮೊದಲು ದುಡ್ಡು ಕಳೆದ ಕಥೆ. ‘ಆಲ್’ ಬರುವ ನೂರಕ್ಕೂ ಹೆಚ್ಚು ಪದಗುಚ್ಛಗಳನ್ನು ಕನ್ನಡ ಅರ್ಥದ ಸಮೇತ ಸೇರಿಸಿ ಒಂದು ಪುಸ್ತಿಕೆ ಮಾಡಿಸಿದ್ದೆ. ಐನೂರು ಪ್ರತಿ, ಪ್ರಿಂಟಿಂಗ್ ಪ್ರೆಸ್‌ನವರಿಗೆ ಹದಿನಾರು ಸಾವಿರದ ಹತ್ತಿರ ಕೊಟ್ಟ ನೆನಪು. ಅರವತ್ತು ರೂಪಾಯಿಯಂತೆ ನೂರೈವತ್ತು ಹೋದವೇನೋ, ಉಳಿದದ್ದು ರದ್ದಿಗೆ. ಕೊಂಡವರಾದರೂ ಗೆದ್ದರೇ? ‘ಆಲ್ ಬಟ್’ ಎಂದರೆ ‘ಬಹುತೇಕ’ ಎಂದು ಉರು ಹೊಡೆದವನಿಗೆ ‘ದಿ ವರ್ಕ್ ಈಸ್ ಆಲ್ ಬಟ್ ಫಿನಿಶ್ಡ್’ ದಕ್ಕಿತು, ಕೆಲಸ ಮುಗಿದ ಹಾಗೆಯೇ ಅಂತ. ಅದೇ ಹುಡುಗನ ಮುಂದೆ ‘ಆಲ್ ಬಟ್ ಒನ್ ಪಾಸ್ಡ್’ ಇಟ್ಟರೆ ‘ಬಹುತೇಕ ಒಬ್ಬ ಪಾಸಾದ’ ಅಂತ ಗುರುತು ಹಾಕಿದ. ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಪಾಸಾಗಿದ್ದಾರೆ, ಇವನು ಎಲ್ಲರನ್ನೂ ಫೇಲ್ ಮಾಡಿಬಿಟ್ಟ! ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಪರೀಕ್ಷೆಯ ಮೊದಲ ಸುತ್ತಾದ ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷಿಗೆ 20 ನಿಮಿಷ, 30 ಪ್ರಶ್ನೆ. ತಪ್ಪಿಗೆ ಕಾಲು ಅಂಕ ಕಟ್. ಅರ್ಥದ ಪಟ್ಟಿಯನ್ನು ತಲೆಯಲ್ಲಿ ಹುಡುಕುತ್ತ ಕೂರಲು ಅಲ್ಲಿ ಪುರಸೊತ್ತಿಲ್ಲ.

ಆಮೇಲೆ ಬಾಡಿಗೆ ಪ್ರೊಜೆಕ್ಟರ್, ಬಣ್ಣದ ಸ್ಲೈಡ್. ಅದರಲ್ಲಿ ಮೂರ್ನಾಲ್ಕು ಸಾವಿರ. ವ್ಯುತ್ಪತ್ತಿಯ ಹುಚ್ಚೂ ಕೆಲವು ದಿನ ಹತ್ತಿತ್ತು. ‘ಆಲ್ಸೋ’, ‘ಆಲ್ವೇಸ್’, ‘ಆಲ್ಮೋಸ್ಟ್’ ಎಲ್ಲದರ ಹೊಟ್ಟೆಯಲ್ಲೂ ‘ಆಲ್’ ಇದೆ, ‘ಅಲೋನ್’ ಆದದ್ದು ‘ಆಲ್’ ಮತ್ತು ‘ಒನ್’ ಕೂಡಿ, ಅದರ ತಲೆ ಉದುರಿ ‘ಲೋನ್’ ಹುಟ್ಟಿತು ಎಂದೆಲ್ಲ ಹೇಳಿದರೆ ಹುಡುಗರು ಬಾಯಿ ತೆರೆದು ಕೇಳುತ್ತಿದ್ದರು. ಟೆಸ್ಟಿನಲ್ಲಿ ಒಂದಂಕವೂ ಏರಲಿಲ್ಲ.

ಕೆಲಸ ಮಾಡಿದ್ದು ಹೆಬ್ಬೆರಳು. ವಾಕ್ಯದಲ್ಲಿ ‘ಆಲ್’ ಮೇಲೆ ಹೆಬ್ಬೆರಳಿಟ್ಟು ಉಳಿದದ್ದನ್ನು ಓದಿಸುತ್ತೇನೆ. ‘ಇಟ್ ರೇನ್ಡ್ ಆಲ್ ಥ್ರೂ ದಿ ನೈಟ್’: ಮುಚ್ಚಿದರೂ ವಾಕ್ಯ ನಿಲ್ಲುತ್ತದೆ, ಸ್ವಲ್ಪ ಕಸುವು ಕಡಿಮೆ ಅಷ್ಟೇ. ‘ದೇರ್ ವರ್ ಟ್ರೀಸ್ ಆಲ್ ಅಲಾಂಗ್ ದಿ ರೋಡ್’, ಇದೂ ನಿಂತಿತು. ಇಂಥಲ್ಲಿ ಕನ್ನಡದಲ್ಲಿ ‘ರಾತ್ರಿಯೆಲ್ಲ’, ‘ದಾರಿಯುದ್ದಕ್ಕೂ’ ಎಂದು ಬಾಲ ಹಚ್ಚಿದರೆ ಮುಗಿಯಿತು. ನಮ್ಮಲ್ಲಿ ಹೆಸರಿನ ಹಿಂದೆ ಬರುವ ‘ಎಲ್ಲ’ ಅವರಲ್ಲಿ ಪ್ರಿಪೊಸಿಷನ್ನಿಗೂ ಮುಂದೆ ಹೋಗಿ ನಿಲ್ಲುತ್ತದೆ. ಇದು ಒಂದು ಗುಂಪು, ಸುಲಭದ್ದು.

ಮುಚ್ಚಿದರೆ ವಾಕ್ಯ ಬಿದ್ದುಹೋಗುತ್ತದೆಯೇ? ಹಾಗಾದರೆ ಜೊತೆಗಾರರನ್ನು ಹುಡುಕು. ‘ಐ ಡೋಂಟ್ ನೋ ಅಟ್’ ಎಂದು ಯಾರೂ ನಿಲ್ಲಿಸುವುದಿಲ್ಲ. ‘ಅಟ್ ಆಲ್’ ಬಂತೆಂದರೆ ಆಸುಪಾಸಿನಲ್ಲಿ ಸಾಮಾನ್ಯವಾಗಿ ‘ನಾಟ್’, ಇಲ್ಲವೇ ಪ್ರಶ್ನೆ, ಇಲ್ಲವೇ ‘ಇಫ್’ ಇರುತ್ತದೆ. ಇದಕ್ಕೆ ಕನ್ನಡದಲ್ಲಿ ಇಡೀ ಪದವೇ ಬೇಡ, ಒಂದು ‘ಏ’ ಸಾಕು: ‘ಗೊತ್ತೇ ಇಲ್ಲ’. ‘ಇಫ್ ಹಿ ಕಮ್ಸ್ ಅಟ್ ಆಲ್’ ಎಂದರೆ ‘ಬರುವುದೇ ಆದರೆ’. ಈ ‘ಏ’ ಹೇಳಿದ ದಿನ ಹಾವೇರಿ ಕಡೆಯ ಒಬ್ಬ ಹುಡುಗಿ, “ಸರ, ಇದನ್ನ ಡಿಗ್ರಿ ಮುಗಿಯೂತನಕ ಯಾರೂ ಹೇಳೇ ಇಲ್ಲಲ್ರಿ” ಅಂದಳು. ‘ಹೇಳೇ ಇಲ್ಲ’ ಅಂದಾಗಲೇ ಅವಳಿಗೆ ಪಾಠ ಬಂದಿತ್ತು! ಅದೇ ರೀತಿ ‘ಇನ್ ಆಲ್’ ಜೊತೆಗೆ ಸಂಖ್ಯೆ ಇರುತ್ತದೆ, ‘ಒಟ್ಟು ಹತ್ತು’ ಅಂದ ಹಾಗೆ.

‘ಆಫ್ಟರ್ ಆಲ್’ಗೆ ನಾನು ಒಂದು ಪೂರ್ತಿ ಪೀರಿಯಡ್ ಕೊಡುತ್ತೇನೆ, ಕಾರಣ ನಮ್ಮ ಮನೆಮಾತೇ ಅದನ್ನು ಕೆಡಿಸಿಟ್ಟಿದೆ. “ಆಫ್ಟರಾಲ್ ಹತ್ತು ರೂಪಾಯಿಗೆ ಜಗಳ ಆಡ್ತಿಯೇನ?” ಅನ್ನುವ ನಮಗೆ ಅದು ‘ಬರೀ’, ‘ಯಃಕಶ್ಚಿತ್’. ಪರೀಕ್ಷೆಯ ಇಂಗ್ಲಿಷಿನಲ್ಲಿ ಆ ಅರ್ಥ ನಡೆಯುವುದಿಲ್ಲ. ಅಲ್ಲಿ ನೋಡಬೇಕಾದ್ದು ಅದು ಕುಳಿತ ಜಾಗ. ವಾಕ್ಯದ ತಲೆಯಲ್ಲಿದ್ದರೆ ಸಾಮಾನ್ಯವಾಗಿ ಕಾರಣ ನೆನಪಿಸುತ್ತದೆ: ‘ಆಫ್ಟರ್ ಆಲ್, ಹಿ ಈಸ್ ಯುವರ್ ಬ್ರದರ್’, ಎಷ್ಟಾದರೂ ನಿನ್ನ ತಮ್ಮನಲ್ಲವೇ. ಬಾಲದಲ್ಲಿದ್ದರೆ ಹೆಚ್ಚಾಗಿ ಅಂದುಕೊಂಡದ್ದು ಉಲ್ಟಾ ಆಗಿದೆ: ‘ಹಿ ಕೇಮ್ ಆಫ್ಟರ್ ಆಲ್’, ಬರಲ್ಲ ಅಂದುಕೊಂಡಿದ್ದೆವು, ಬಂದೇಬಿಟ್ಟ. ಇವೆರಡನ್ನೂ ಹುಡುಗರಿಂದ ಗಟ್ಟಿಯಾಗಿ ಹೇಳಿಸಿ. ಕನ್ನಡದ ‘ಎಷ್ಟಾದರೂ’ ಮತ್ತು ‘ಬಂದೇಬಿಟ್ಟ’ ಬೇರೆ ಬೇರೆ ಧಾಟಿಯಲ್ಲಿ ಹೊರಡುತ್ತವೆ, ಇಂಗ್ಲಿಷಿನ ಧಾಟಿ ಅದನ್ನೇ ಹಿಡಿದು ಬರುತ್ತದೆ.

ಹೆಬ್ಬೆರಳು ಕೈಕೊಡುವ ಜಾಗಗಳೂ ಇವೆ. ‘ಆಲ್ ಅಟ್ ಒನ್ಸ್’ನಲ್ಲಿ ‘ಆಲ್’ ಮುಚ್ಚಿದರೆ ‘ಅಟ್ ಒನ್ಸ್’ ಗಟ್ಟಿಯಾಗಿಯೇ ನಿಲ್ಲುತ್ತದೆ, ಆದರೆ ‘ಇದ್ದಕ್ಕಿದ್ದಂತೆ’ ಹೋಗಿ ‘ಈಗಿಂದೀಗಲೇ’ ಬಂದು ಕೂರುತ್ತದೆ. ‘ಹಿ ನ್ಯೂ ಆಲ್ ಅಲಾಂಗ್’ನಲ್ಲಿ ರಸ್ತೆಯೂ ಇಲ್ಲ, ನದಿಯೂ ಇಲ್ಲ, ಮುಚ್ಚಿದರೆ ಬೀಳುತ್ತದೆ, ಅರ್ಥ ‘ಮೊದಲಿನಿಂದಲೂ’. ಇಂಥವು ಹತ್ತು ಹನ್ನೆರಡು ಇವೆ. ಅವನ್ನು ನೆನಪಿಡಿಸಲು ನನ್ನದೊಂದು ಚಾರ್ಟ್ ಇದೆ, ಅದನ್ನು ಮಾತ್ರ ಇಲ್ಲಿ ಬಿಚ್ಚುವುದಿಲ್ಲ. ಮುಂದಿನ ಬ್ಯಾಚಿನವರು ಫೀ ಕಟ್ಟಿ ಬರಬೇಕಲ್ಲ.

ನಡುವೆ ಕ್ರಿಕೆಟ್ ಕಾಮೆಂಟರಿಯನ್ನೂ ಹಚ್ಚಿ ನೋಡಿದೆ. ‘ಆಲ್ ಅಲಾಂಗ್ ದಿ ಗ್ರೌಂಡ್’, ‘ಆಲ್ ದಿ ವೇ ಫಾರ್ ಸಿಕ್ಸ್’, ‘ಬೀಟನ್ ಆಲ್ ಎಂಡ್ಸ್ ಅಪ್’, ಒಂದು ಸಂಜೆಯ ಮ್ಯಾಚಿಗೆ ಒಂದು ವಾರದ ಸರಕು ಸಿಗುತ್ತದೆ, ಖರ್ಚಿಲ್ಲ. ‘ಆಲ್ ಔಟ್’ ಅಂದಾಗ ಒಬ್ಬ ಎದ್ದು, “ಹನ್ನೊಂದು ಮಂದ್ಯಾಗ ಒಬ್ಬಾವ ನಾಟೌಟ್ ಇರ್ತಾನಲ್ರಿ, ಮತ್ತ ‘ಆಲ್’ ಹೆಂಗ?” ಅಂತ ಕೇಳಿದ. 1974ರ ಲಾರ್ಡ್ಸ್ ಟೆಸ್ಟ್ ಹೇಳಿದೆ. ಭಾರತ 42ಕ್ಕೆ ಆಲ್ ಔಟ್. ಗಾಯಗೊಂಡ ನಮ್ಮ ಚಂದ್ರಶೇಖರ್ ಬ್ಯಾಟಿಂಗಿಗೆ ಬರಲೇ ಇಲ್ಲ, ಬಿದ್ದದ್ದು ಒಂಬತ್ತೇ ವಿಕೆಟ್. ಅಲ್ಲಿ ‘ಆಲ್’ ತಲೆ ಎಣಿಸುವುದಿಲ್ಲ, ಇನಿಂಗ್ಸ್ ಮುಗಿಯಿತು ಅನ್ನುತ್ತದೆ, ಅಷ್ಟೇ. ಪರೀಕ್ಷೆಗೆ ಇದು ಬೇಕಾಗಿರಲಿಲ್ಲ. ಆದರೆ ಹುಡುಗ ಮರುದಿನ ಮೊದಲ ಬೆಂಚಿಗೆ ಬಂದು ಕೂತ.

ಇದೇ ಹೆಬ್ಬೆರಳನ್ನು ‘ಮೋಸ್ಟ್’ ಮೇಲೂ ಇಟ್ಟೆ. ಹತ್ತಲಿಲ್ಲ. ‘ಅಟ್ ಮೋಸ್ಟ್’, ‘ಫಾರ್ ದಿ ಮೋಸ್ಟ್ ಪಾರ್ಟ್’ ಇವಕ್ಕೆ ಬೇರೆಯೇ ಏನೋ ಬೇಕು.

ಫಲ ಕೇಳುತ್ತೀರಿ. ನಲವತ್ತರ ಆಸುಪಾಸಿನ ಬ್ಯಾಚು, ‘ಆಲ್’ ಮೇಲೆಯೇ ಇಪ್ಪತ್ತು ಪ್ರಶ್ನೆಯ ಟೆಸ್ಟ್. ಪುಸ್ತಿಕೆಯ ಕಾಲದಲ್ಲಿ ಏಳೆಂಟು ಸರಿ ಬಂದರೆ ಹೆಚ್ಚು. ಈಗ ಹದಿನೈದರ ಕೆಳಗೆ ಬರುವವರು ಕಡಿಮೆ. ಖರ್ಚು ಒಂದು ಬಾಕ್ಸ್ ಚಾಕ್‌ಪೀಸ್.

ಇನ್ನೂ ಪಳಗದೆ ಉಳಿದಿರುವುದು ‘ಫಾರ್ ಆಲ್’. ‘ಫಾರ್ ಆಲ್ ಹಿಸ್ ಮನಿ, ಹಿ ಈಸ್ ನಾಟ್ ಹ್ಯಾಪಿ’: ಅಷ್ಟು ದುಡ್ಡಿದ್ದರೂ ಸುಖವಿಲ್ಲ. ಹತ್ತರಲ್ಲಿ ಆರು ಜನ ಈಗಲೂ ‘ಅವನ ಎಲ್ಲ ದುಡ್ಡಿಗಾಗಿ’ ಎಂದೇ ಬರೆಯುತ್ತಾರೆ. ‘ಇದ್ದರೂ’ ಎಂಬ ಪದವನ್ನು ಮೊದಲೇ ಬೋರ್ಡಿನ ಮೇಲೆ ಬರೆದಿಟ್ಟು, ಆಮೇಲೆ ವಾಕ್ಯ ಕೊಟ್ಟು ನೋಡುತ್ತಿದ್ದೇನೆ.